ಕ್ಯಾಮೆರಾ ಮತ್ತು ಪಕ್ಕದ ಮನೆಯ ಹಿತ್ತಲು

ಶಿಕಾರಿಪುರ, 15 ನವೆಂಬರ್ 2025, ಶನಿವಾರ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ಕೊನೆಗೂ ಹೊರಬಿದ್ದಿವೆ. ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ನಿಯಮ ಬರಲು ಎರಡು ವರ್ಷ ದಾಟಿತು. ಮುಖ್ಯವಾದ ಕಟ್ಟುಪಾಡುಗಳು ಜಾರಿಯಾಗಲು ಇನ್ನೂ 18 ತಿಂಗಳು, ಅಂದರೆ 2027ರ ಮೇ ತನಕ ಸಮಯವಿದೆ.

ನನ್ನ ಸಿಸಿ ಕ್ಯಾಮೆರಾ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ಗಿರಾಕಿಯೊಬ್ಬರ ಫೋನು. "250 ಕೋಟಿ ದಂಡ ಅಂತೆ ಕಣಯ್ಯಾ, ನಮ್ಮ ಮನೆ ಕ್ಯಾಮೆರಾ ಬಿಚ್ಚಿಬಿಡ್ಲಾ?" ಬಿಚ್ಚುವುದು ಬೇಡ ಎಂದೆ. ಅಷ್ಟು ದೊಡ್ಡ ದಂಡ, ಜನರ ಮಾಹಿತಿ ಇಟ್ಟುಕೊಂಡು ಅದಕ್ಕೆ ಸರಿಯಾದ ಭದ್ರತೆ ಕೊಡದವರಿಗೆ ವಿಧಿಸಬಹುದಾದ ಗರಿಷ್ಠ ಮೊತ್ತ. ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೆ, ಮನೆಬಳಕೆಗೆ ಇಟ್ಟುಕೊಂಡದ್ದನ್ನು ಕಾಯ್ದೆಯ 3ನೇ ಸೆಕ್ಷನ್ನೇ ಹೊರಗಿಟ್ಟಿದೆ. ಅಂಗಡಿ, ಲಾಡ್ಜ್, ಹೋಂಸ್ಟೇ, ನರ್ಸಿಂಗ್ ಹೋಂ, ಟ್ಯೂಷನ್ ನಡೆಸುವವರಿಗೆ ಆ ವಿನಾಯಿತಿ ಇಲ್ಲ.

ಅವರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಮನೆಯ ಕ್ಯಾಮೆರಾ ಈ ಒಂದು ಕಾಯ್ದೆಯಿಂದ ಹೊರಗುಳಿದರೆ ಎಲ್ಲ ಕಾನೂನಿನಿಂದಲೂ ಹೊರಗುಳಿದಂತೆ ಎಂದು ಜನ ಭಾವಿಸಿಬಿಡುತ್ತಾರೆ. ಅಡಿಕೆ ಕೊಯ್ಲು ಶುರುವಾಗಿದೆ, ಇನ್ನು ಎರಡು ತಿಂಗಳು ನಮಗೆ ಬಿಡುವಿಲ್ಲದ ಕೆಲಸ. ಅಂಗಳದಲ್ಲಿ ಅಡಿಕೆ ಒಣಹಾಕಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಅದು ನನಗೂ ಗೊತ್ತು. ಆದರೆ ಆ ಭಯದಲ್ಲಿ ಕ್ಯಾಮೆರಾ ಎತ್ತ ನೋಡುತ್ತಿದೆ ಎಂದು ಯಾರೂ ಕೇಳುವುದಿಲ್ಲ.

18 ನವೆಂಬರ್

ಸೊರಬದ ಕಡೆ ಒಂದು ಹಳ್ಳಿ. ಹಳೆಯ ಹೆಂಚಿನ ಮನೆ, ಮುಂದೆ ಅಂಗಳ, ಹಿಂದೆ ಹಿತ್ತಲು, ಹಿತ್ತಲಿಗೆ ಹತ್ತಿಕೊಂಡು ತೋಟ. ಯಜಮಾನರಿಗೆ ನಾಲ್ಕು ಕ್ಯಾಮೆರಾ ಬೇಕು. ಮೂರಕ್ಕೆ ತಕರಾರಿಲ್ಲ. ನಾಲ್ಕನೆಯದನ್ನು ಹಿಂದಿನ ಮೂಲೆಗೆ, ಸೂರಿನ ಕೆಳಗೆ ಹಾಕಬೇಕು, ತೋಟದ ದಾರಿ ಪೂರ್ತಿ ಕಾಣಬೇಕು ಎಂದರು.

ಏಣಿ ಇಟ್ಟು ಹತ್ತಿ ನೋಡಿದೆ. ತೋಟದ ದಾರಿಯೇನೋ ಕಾಣುತ್ತದೆ. ಜೊತೆಗೆ ಪಕ್ಕದ ಮನೆಯ ಬಚ್ಚಲಿನ ಬಾಗಿಲು, ಬಟ್ಟೆ ಒಗೆಯುವ ಕಲ್ಲು, ಬಾವಿಕಟ್ಟೆ ಎಲ್ಲವೂ ಕಾಣುತ್ತವೆ. ಪೇಟೆಯ ಮನೆಗಳಲ್ಲಿ ಬಚ್ಚಲು ಒಳಗಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಅದು ಹಿತ್ತಲಿನಲ್ಲಿ, ಬೇರೆ ಮಾಡಿನ ಕೆಳಗೆ. ಸ್ನಾನ ಮಾಡಿದ ಹೆಂಗಸು ಒದ್ದೆ ಸೀರೆ ಸುತ್ತಿಕೊಂಡು ನಾಲ್ಕು ಹೆಜ್ಜೆ ಬಯಲಿನಲ್ಲಿ ನಡೆದೇ ಮನೆಯೊಳಗೆ ಹೋಗಬೇಕು. ಆ ನಾಲ್ಕು ಹೆಜ್ಜೆಯನ್ನು ಯಾರೂ ನೋಡುವುದಿಲ್ಲವೆಂಬ ಭರವಸೆಯ ಮೇಲೇ ಹಿತ್ತಲು ನಿಂತಿದೆ. ಹತ್ತು-ಹದಿನೈದು ದಿನದ ದೃಶ್ಯ ಹಾರ್ಡ್ ಡಿಸ್ಕಿನಲ್ಲಿ ಉಳಿಯುತ್ತದೆ, ಕತ್ತಲಲ್ಲೂ ಇನ್‌ಫ್ರಾರೆಡ್ ಬೆಳಕಿನಲ್ಲಿ ರೆಕಾರ್ಡ್ ಆಗುತ್ತದೆ, ಮನೆಯ ಹುಡುಗರ ಫೋನಿನಲ್ಲೆಲ್ಲ ತೆರೆದುಕೊಳ್ಳುತ್ತದೆ.

ಇದಕ್ಕೆ ಹೊಸ ಕಾಯ್ದೆ ಬರಬೇಕಾಗಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಇದೆ: ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಬೇಕೆಂದೇ ಸೆರೆಹಿಡಿದರೆ ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಇದೆ: ಯಾರೂ ನೋಡಲಾರರೆಂದು ಹೆಣ್ಣು ನಂಬಿರುವ ಖಾಸಗಿ ಹೊತ್ತಿನಲ್ಲಿ ಅವಳನ್ನು ಕದ್ದು ನೋಡಿದರೆ, ಚಿತ್ರ ತೆಗೆದರೆ ಮೊದಲ ಸಲಕ್ಕೇ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ. ಯಜಮಾನರಿಗೆ ಅಂಥ ಉದ್ದೇಶ ಖಂಡಿತ ಇಲ್ಲ. ಉದ್ದೇಶ ಅಡಿಕೆ ಕಾಯುವುದು. ಆದರೆ ಫೋನು ಹಿಡಿದ ಪ್ರತಿಯೊಬ್ಬನ ಉದ್ದೇಶಕ್ಕೆ ಅವರು ಜವಾಬು ಹೇಳಬಲ್ಲರೆ?

ಕೆಳಗಿಳಿದು ಹೇಳಿದೆ. "ಗೌಡ್ರೇ, ಇಲ್ಲಿ ಬೇಡ. ತೋಟದ ಉಣಗೋಲಿನ ಹತ್ತಿರ ಕಂಬ ನೆಟ್ಟು ಹಾಕೋಣ, ಮನೆ ಕಡೆಗೆ ಬೆನ್ನು ಮಾಡಿ." ವೈರ್ ಖರ್ಚು ಜಾಸ್ತಿಯಾಗುತ್ತದೆಂದು ಗೊಣಗಿದರು. 2.8 ಎಂಎಂ ಲೆನ್ಸ್ ಸುಮಾರು 100 ಡಿಗ್ರಿ ಅಗಲ ನೋಡುತ್ತದೆ, 6 ಎಂಎಂ ಅದರ ಅರ್ಧದಷ್ಟು ಮಾತ್ರ. ದಾರಿ ಕಾಯಲು ಅರ್ಧವೇ ಒಳ್ಳೆಯದು, ದೂರದ ಮುಖ ಇನ್ನೂ ಸ್ಪಷ್ಟ ಬರುತ್ತದೆ. ಅದನ್ನೇ ಹಾಕಿದೆ. ಆಮೇಲೂ ಚಿತ್ರದ ಎಡ ಅಂಚಿನಲ್ಲಿ ಪಕ್ಕದವರ ಬಾವಿಕಟ್ಟೆ ಇಣುಕುತ್ತಿತ್ತು. ದೃಶ್ಯ ದಾಖಲಿಸುವ ಡಿವಿಆರ್‌ನಲ್ಲಿ ಪ್ರೈವೆಸಿ ಮಾಸ್ಕ್ ಎಂಬುದಿದೆ. ಬೇಡದ ಭಾಗದ ಮೇಲೆ ಕಪ್ಪು ಚೌಕ ಎಳೆದರೆ ಆ ಭಾಗ ರೆಕಾರ್ಡೇ ಆಗುವುದಿಲ್ಲ. ಎಳೆದೆ. ಪಕ್ಕದ ಮನೆಯ ಅಕ್ಕನನ್ನು ಕರೆದು ಟಿವಿಯಲ್ಲಿ ತೋರಿಸಿದೆ. ಆಕೆ ಹತ್ತಿರ ಬಂದು, ಬಗ್ಗಿ, ಬಹಳ ಹೊತ್ತು ನೋಡಿದರು. "ಕಾಣೋದಿಲ್ಲ ಅಲ್ದಾ ತಮ್ಮಾ? ಮೊದ್ಲೇ ತೋರ್ಸಿದ್ದು ಒಳ್ಳೇದಾಯ್ತು. ಇಲ್ದಿದ್ರೆ ನಾವು ಹಿತ್ಲಿಗೆ ಬರಬೇಕಾದ್ರೂ ತಲೆ ಎತ್ತಿ ನೋಡ್ಬೇಕಾಗಿತ್ತು."

23 ನವೆಂಬರ್, ಭಾನುವಾರ

ವಕೀಲ ಮಿತ್ರರ ಮನೆಯಲ್ಲಿ ಕೂತು ಮಾತಾಡಿದೆ. ವಿಷಯ: ಒಂದೇ ಮನೆ, ಇಬ್ಬರು ಅಣ್ಣತಮ್ಮಂದಿರು. ಅಡುಗೆ ಬೇರೆಯಾಗಿದೆ, ಪಾಲು ಇನ್ನೂ ಆಗಿಲ್ಲ. ನಡುಮನೆ, ಅಂಗಳ ಇಬ್ಬರದೂ. ಅಣ್ಣನಿಗೆ ನಡುಮನೆಯಲ್ಲಿ ಕ್ಯಾಮೆರಾ ಬೇಕು, ತಮ್ಮನ ಹೆಂಡತಿಗೆ ಬೇಡ. ನಾನು ಹಾಕಬಹುದೇ?

ಅವರು ಕೊಲ್ಕತ್ತಾದ ಪ್ರಕರಣ ಹೇಳಿದರು. ಅಲ್ಲೂ ಅಣ್ಣತಮ್ಮಂದಿರೇ, ಒಂದೇ ಮನೆಯೇ. ಒಟ್ಟಿಗೆ ಇರುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದೊಳಗೆ ಸಿಸಿ ಕ್ಯಾಮೆರಾ ನಡೆಸುವಂತಿಲ್ಲವೆಂದು ಅಲ್ಲಿನ ಹೈಕೋರ್ಟ್ ಹೇಳಿತು. 2025ರ ಮೇ 9ರಂದು ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಇಬ್ಬರೂ ಮಾಲೀಕರಾಗಿದ್ದರೂ ಒಬ್ಬನ ಬದುಕಿನ ಮೇಲೆ ಇನ್ನೊಬ್ಬನಿಗೆ ಕಾವಲಿಡುವ ಹಕ್ಕಿಲ್ಲ.

ಈ ಹಕ್ಕಿನ ಬೇರು ನಮ್ಮ ನೆಲದ್ದೇ ಎನ್ನುವುದು ನನಗೆ ಹೆಮ್ಮೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅವರು ತೀರಿಕೊಂಡದ್ದು 2024ರ ಅಕ್ಟೋಬರಿನಲ್ಲಿ. ನಡುಮನೆಯಲ್ಲಿ ತಲೆ ಬಾಚಿಕೊಳ್ಳಲು ಹಿಂಜರಿಯಬೇಕಾದ ಆ ಸೊಸೆಯ ಪರವಾಗಿ ಆ ಮುದುಕರು ಮೊದಲೇ ಗೆದ್ದುಕೊಟ್ಟಿದ್ದಾರೆ.

ಅಣ್ಣನಿಗೆ ಫೋನ್ ಮಾಡಿದೆ. ಬೀದಿ ಬಾಗಿಲಿಗೆ ಒಂದು, ಅಡಿಕೆ ಅಟ್ಟಕ್ಕೆ ಒಂದು. ಅದೂ ತಮ್ಮನೂ ಒಪ್ಪಿ, ಇಬ್ಬರ ಫೋನಿಗೂ ಕೊಡುವುದಾದರೆ. ನಡುಮನೆಗೆ ಇಲ್ಲ.

27 ನವೆಂಬರ್

ಶಿರಾಳಕೊಪ್ಪ. ಬೇರೆಯವರು ಹಾಕಿಹೋದ ಸೆಟ್ ರಿಪೇರಿ. ಪಾಸ್‌ವರ್ಡ್ ಫ್ಯಾಕ್ಟರಿಯಿಂದ ಬಂದದ್ದೇ ಇದೆ. ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಹೆಣ್ಣುಮಕ್ಕಳ ತಪಾಸಣೆಯ ದೃಶ್ಯಗಳು ಟೆಲಿಗ್ರಾಂನಲ್ಲಿ ಮಾರಾಟವಾದದ್ದು ಇದೇ ವರ್ಷ ಫೆಬ್ರುವರಿಯಲ್ಲಿ ಬಯಲಾಯಿತು. ಅಲ್ಲೂ ಹ್ಯಾಕರ್‌ಗಳಿಗೆ ದಾರಿಯಾದದ್ದು ಬದಲಿಸದೇ ಬಿಟ್ಟ ಪಾಸ್‌ವರ್ಡ್ ಎಂದು ವರದಿಯಾಯಿತು. ತಪಾಸಣೆಯ ಕೋಣೆಯಲ್ಲಿ ಕ್ಯಾಮೆರಾ ಇಟ್ಟದ್ದೇ ಮೊದಲ ಅಪರಾಧ ಎಂದು ನನ್ನ ಅಭಿಪ್ರಾಯ.

ಹೊಸದಾಗಿ ಮಾರುಕಟ್ಟೆಗೆ ಬರುವ ಕ್ಯಾಮೆರಾಗಳಿಗೆ 2025ರ ಏಪ್ರಿಲ್ 9ರಿಂದ ಸರ್ಕಾರ ಮಾನ್ಯ ಮಾಡಿದ ಪ್ರಯೋಗಾಲಯದ ಭದ್ರತಾ ಪರೀಕ್ಷೆ ಕಡ್ಡಾಯ. ಒಳ್ಳೆಯದು. ಆದರೆ ಮನೆಯ ಹುಡುಗನ ಹೆಸರು ಮತ್ತು 123 ಎಂಬ ಪಾಸ್‌ವರ್ಡನ್ನು ಯಾವ ಪ್ರಯೋಗಾಲಯವೂ ತಡೆಯಲಾರದು. ಬದಲಿಸಿ, ಹಾಳೆಯಲ್ಲಿ ಬರೆದು ಮನೆಯಮ್ಮನ ಕೈಗೆ ಕೊಟ್ಟೆ. ನನ್ನ ಫೋನಿನಿಂದ ಆ ಖಾತೆಯನ್ನು ಅವರೆದುರೇ ಅಳಿಸಿದೆ.

4 ಡಿಸೆಂಬರ್

ರಾತ್ರಿ ಒಂಬತ್ತಕ್ಕೆ ಮನೆ ಸೇರಿದೆ. ಇವತ್ತಿನದು ಅಡಿಕೆ ಸುಲಿಯುವ ಚಪ್ಪರ. ಮಾಲೀಕರು ಬೆಂಗಳೂರಿನಲ್ಲಿ, ಅಡಿಕೆ ಇಲ್ಲಿ. ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತು ಡಬ್ಬದ ಲೆಕ್ಕದಲ್ಲಿ ಸುಲಿಯುತ್ತಾರೆ. ಚೊಗರು ಹತ್ತಿ ಕೈಯೆಲ್ಲ ಕಪ್ಪು. ಕೆಲಸದ ನಡುವೆ ಸೆರಗು ಸರಿಯುತ್ತದೆ, ಕೂಸಿಗೆ ಹಾಲು ಕೊಡಬೇಕಾಗುತ್ತದೆ, ಮಾಲೀಕನ ಮೇಲೆ ಸಿಟ್ಟು ಬಂದರೆ ಬೈಯಬೇಕಾಗುತ್ತದೆ. ಮಾಲೀಕರಿಗೆ ಬೇಕಾದದ್ದು ಎರಡೂ ಕಡೆ ತಿರುಗುವ ಕ್ಯಾಮೆರಾ, ಅದರಲ್ಲಿ ಮೈಕು.

ಇದು ಮನೆಬಳಕೆ ಎಂದು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ. ಕೂಲಿ ಕೊಟ್ಟು ದುಡಿಸುವ ಜಾಗ ದುಡಿಮೆಯ ಜಾಗವೇ. ತಿರುಗುವ ಕ್ಯಾಮೆರಾಗಳ ತೊಂದರೆಯೆಂದರೆ, ನಾನು ಎಷ್ಟು ನ್ಯಾಯವಾಗಿ ಕೂರಿಸಿದರೂ ಬೆಂಗಳೂರಿನಲ್ಲಿ ಕೂತವರು ಬೆರಳಾಡಿಸಿ ಎತ್ತ ಬೇಕಾದರೂ ತಿರುಗಿಸಬಹುದು, ಯಾರ ಮುಖವನ್ನು ಬೇಕಾದರೂ ಹತ್ತಿರಕ್ಕೆ ಎಳೆದುಕೊಳ್ಳಬಹುದು. ಅಡಿಕೆ ಕಳುವಾಗುವುದು ಚೀಲ ತುಂಬಿದ ಮೇಲೆ. ಚೀಲ ಇಡುವ ಕೋಣೆಯ ಬಾಗಿಲಿಗೆ ಮತ್ತು ತೂಕದ ಜಾಗಕ್ಕೆ ಅಲುಗದ ಕ್ಯಾಮೆರಾ ಸಾಕು ಎಂದೆ. ಮೈಕು ಆಫ್. ಕೂತವರಿಗೆಲ್ಲ ಕ್ಯಾಮೆರಾ ಎಲ್ಲಿದೆಯೆಂದು ತೋರಿಸಿ ಹೇಳಿಯೇ ಬಂದೆ. ಮಾಲೀಕರಿಗೆ ಪೂರ್ತಿ ಸಮಾಧಾನವಾಗಿಲ್ಲ. ಬೇರೆಯವರನ್ನು ಕರೆಸಿದರೂ ಕರೆಸಬಹುದು.

9 ಡಿಸೆಂಬರ್

ಚಂದ್ರಗುತ್ತಿ ದಾರಿ. ಗುಡ್ಡ ಕಂಡಾಗಲೆಲ್ಲ ನನಗೆ ಬೆತ್ತಲೆ ಸೇವೆ ನೆನಪಾಗುತ್ತದೆ. ವರದಾ ನದಿಯಲ್ಲಿ ಮಿಂದು ರೇಣುಕಾಂಬೆಯ ಗುಡಿಗೆ ಹರಕೆ ಹೊತ್ತವರು ಹಾಗೇ ನಡೆದುಹೋಗುತ್ತಿದ್ದರು. 1986ರ ಮಾರ್ಚಿನ ಜಾತ್ರೆಯಲ್ಲಿ ತಡೆಯಲು ಹೋದವರಿಗೂ ಪೊಲೀಸರಿಗೂ ಪತ್ರಕರ್ತರಿಗೂ ಪೆಟ್ಟು ಬಿದ್ದು, ಸರ್ಕಾರ ಆ ಪದ್ಧತಿಯನ್ನು ನಿಷೇಧಿಸಿತು. ನಿಷೇಧ ಸರಿ. ಆದರೆ ಅದಕ್ಕೆ ಮೊದಲು ಹರಕೆಗಲ್ಲದೆ ನೋಡುವುದಕ್ಕೆಂದೇ, ಫೋಟೊ ತೆಗೆಯುವುದಕ್ಕೆಂದೇ ಹೊರಗಿನಿಂದ ಬರುವವರಿದ್ದರೆಂದು ಹಿರಿಯರು ಹೇಳುತ್ತಾರೆ. ಹರಕೆ ಹೊತ್ತ ಬಡ ಹೆಣ್ಣುಮಕ್ಕಳನ್ನು ಯಾರೂ ಕೇಳಿರಲಾರರು. ಯಾವ ಮನೆಯ ಪೆಟ್ಟಿಗೆಯಲ್ಲಿ ಆ ಚಿತ್ರಗಳಿವೆಯೋ. ಕ್ಯಾಮೆರಾ ಬಡವರ ಮೈಮೇಲೆ ಮೊದಲು ಬೀಳುತ್ತದೆ ಎಂಬುದನ್ನು ಈ ಸೊರಬ ತಾಲ್ಲೂಕು ನೋಡಿದೆ.

14 ಡಿಸೆಂಬರ್

ಶಿಕಾರಿಪುರದ ಒಂದು ಬಡಾವಣೆ. ಗಿರಾಕಿಯ ಮನೆಯ ಮುಂದೆ ಒಬ್ಬ ಹುಡುಗಿ ಬೈಕಿನಲ್ಲಿ ಬಂದು ಇಳಿದ ದೃಶ್ಯ ಡಿವಿಆರ್‌ನಲ್ಲಿದೆಯಂತೆ. "ಪೆನ್‌ಡ್ರೈವಿಗೆ ತೆಗ್ದುಕೊಡು, ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕ್ತೀವಿ, ಅವರಪ್ಪನಿಗೆ ಗೊತ್ತಾಗ್ಲಿ."

ತೆಗೆದುಕೊಡಲಿಲ್ಲ. ಕಳ್ಳತನಕ್ಕೆಂದು ಇಟ್ಟ ಕಣ್ಣು ಕಳ್ಳತನಕ್ಕೆ ಮಾತ್ರ. ದೃಶ್ಯವನ್ನು ಗ್ರೂಪಿಗೆ ಹಾಕಿದ ಗಳಿಗೆಯಲ್ಲೇ ಅದು ಮನೆಬಳಕೆಯಾಗಿ ಉಳಿಯುವುದಿಲ್ಲ. ಆ ಹುಡುಗಿಗೆ ಏನಾದರೂ ಆದರೆ ಹಾಕಿದವರ ಹೆಸರು ಮೊದಲು ಬರುತ್ತದೆ ಎಂದೆ. ಪೊಲೀಸರು ತನಿಖೆಗೆ ಕೇಳಿದರೆ ಆ ಮಾತು ಬೇರೆ: ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ನಿನ ಕೆಳಗೆ ಬರಹದಲ್ಲಿ ಕೇಳುತ್ತಾರೆ, ಕೊಡಬೇಕು. ಅದು ಕೋರ್ಟಿನಲ್ಲಿ ನಿಲ್ಲಬೇಕಾದರೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರವೂ ಬೇಕು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಿ ಹೇಳಿದೆ. 30 ದಿನ ದೃಶ್ಯ ಇಟ್ಟುಕೊಳ್ಳಬೇಕೆಂಬ ಕಡ್ಡಾಯ ಮನೆಗಳಿಗಲ್ಲ. ಅದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯದು. ಒಂದೇ ಸಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಕಡೆಗಳಿಗೆ. ಮನೆಯಲ್ಲಿ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗಲಿ. ಬೇಗ ಅಳಿದಷ್ಟೂ ಒಳ್ಳೆಯದು.

20 ಡಿಸೆಂಬರ್, ಶನಿವಾರ

ನಿವೃತ್ತ ಮೇಷ್ಟರ ಮನೆ. ಮಗ ವಿದೇಶದಿಂದ ತಂದ ಕ್ಯಾಮೆರಾದ ಕರೆಗಂಟೆ ಹಾಕಿಸಬೇಕು. ಇಂಥದೇ ಕರೆಗಂಟೆಯ ಮೇಲೆ 2021ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಕೋರ್ಟು ತೀರ್ಪು ಕೊಟ್ಟಿದೆ. ಚಿತ್ರಕ್ಕಿಂತಲೂ ಹೆಚ್ಚಾಗಿ, ದೂರದ ಮಾತನ್ನೂ ಹಿಡಿಯುವ ಮೈಕಿನ ಬಗ್ಗೆ ನ್ಯಾಯಾಧೀಶರು ಕಟುವಾಗಿದ್ದರು. ಎದುರು ಮನೆಯ ಜಗಲಿ ಮೂರು ಮಾರು ದೂರ. ಇದರದೂ ಮೈಕು ಆಫ್ ಮಾಡಿದೆ.

ಮೇಷ್ಟರು ಕೌಟಿಲ್ಯನ ಅರ್ಥಶಾಸ್ತ್ರದ ಮಾತೆತ್ತಿದರು. 1905ರ ಸುಮಾರಿಗೆ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕ ಓಲೆಗರಿ, 1909ರಲ್ಲಿ ಅಚ್ಚಾಯಿತು. ಅದರ ಮೂರನೇ ಅಧಿಕರಣದಲ್ಲಿ ಮನೆ ಕಟ್ಟುವ ಕಟ್ಟಳೆಗಳಿವೆಯಂತೆ: ಬೆಳಕಿಗೆ ಇಡುವ ಕಿಟಕಿ ಸಣ್ಣದಾಗಿರಬೇಕು, ಎತ್ತರದಲ್ಲಿರಬೇಕು; ನೆರೆಹೊರೆಯ ಮನೆಯೊಡೆಯರು ಕೂಡಿ ಒಪ್ಪಿಕೊಂಡರೆ ತಮಗೆ ಬೇಕಾದಂತೆ ಮಾಡಿಕೊಳ್ಳಬಹುದು, ಬೇಡವಾದದ್ದನ್ನು ತಡೆಯಬಹುದು. ಎರಡು ಸಾವಿರ ವರ್ಷದ ಹಿಂದಿನ ಆ ಎರಡನೆಯ ಭಾಗ ನನಗೆ ಇವತ್ತಿನ ಯಾವ ಸೆಕ್ಷನ್ನಿಗಿಂತ ಹೆಚ್ಚು ಉಪಯೋಗದ್ದೆನಿಸಿತು. ಸೊರಬದ ಆ ಅಕ್ಕನಿಗೆ ಬೇಕಾಗಿದ್ದದ್ದೂ ಅಷ್ಟೇ: ಮೊದಲು ಕರೆದು ತೋರಿಸುವುದು.

28 ಡಿಸೆಂಬರ್, ಭಾನುವಾರ

ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಬಹಳ ಜನ ಇದ್ದಾರೆ. ಮುಂದಿನ ವಾರ ಅವರನ್ನು ಅಂಗಡಿಗೆ ಕರೆದಿದ್ದೇನೆ. ಏನು ಹೇಳಬೇಕೆಂದು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ತಮ್ಮಂದಿರಾ, 2027ರ ಮೇ ಬರಲಿ ಎಂದು ಕಾಯಬೇಡಿ. ಕಾನೂನು ಕೋರ್ಟಿಗೆ ಬರುವ ಮೊದಲು ನಿಮ್ಮ ಕೈಗೆ ಬರುತ್ತದೆ, ಸ್ಕ್ರೂ ಬಿಗಿಯುವಾಗ. ಗಿರಾಕಿ ತೋರಿಸಿದ ಕಡೆ ಮೊಳೆ ಹೊಡೆಯುವ ಮುಂಚೆ ಪಕ್ಕದ ಮನೆಯವರನ್ನು, ಅದರಲ್ಲೂ ಆ ಮನೆಯ ಹೆಂಗಸರನ್ನು, ಕರೆದು ಪರದೆ ತೋರಿಸಿ. ಬಚ್ಚಲು, ಬಾವಿಕಟ್ಟೆ, ಮಲಗುವ ಕೋಣೆಯ ಕಿಟಕಿ ಕಂಡರೆ ಜಾಗ ಬದಲಿಸಿ, ಆಗದಿದ್ದರೆ ಮಾಸ್ಕ್ ಎಳೆಯಿರಿ, ಅದೂ ಆಗದಿದ್ದರೆ ಕೆಲಸ ಬಿಟ್ಟು ಬನ್ನಿ. ಮೈಕು ಆಫ್ ಮಾಡಿ. ಪಾಸ್‌ವರ್ಡ್ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ಯಾರ ದೃಶ್ಯವನ್ನೂ ಯಾವ ಗ್ರೂಪಿಗೂ ತೆಗೆದುಕೊಡಬೇಡಿ. ಒಂದು ಗಿರಾಕಿ ಹೋದರೆ ಹೋಗಲಿ, ಆ ದಿನದ ಪೆಟ್ರೋಲ್ ಖರ್ಚು ನಾನು ಕೊಡುತ್ತೇನೆ.