ಜಿಲ್ಲೆ ಉಡುಪಿ, ಓಟು ಶಿವಮೊಗ್ಗಕ್ಕೆ

26 ಏಪ್ರಿಲ್ 2024, ಶುಕ್ರವಾರ

ಇವತ್ತು ಕುಂದಾಪುರದಲ್ಲಿ ಓಟು. ನಮ್ಮ ವಂಡ್ಸೆಯಲ್ಲಿಲ್ಲ. ಕೋಟೇಶ್ವರದ ಚಿಕ್ಕಮ್ಮ ಬೆಳಿಗ್ಗೆಯೇ ಫೋನು ಮಾಡಿ, "ನಮ್ದ್ ಆಯ್ತ್, ನಿಂದ್?" ಅಂದಳು. ನಮ್ಮದು ಮೇ 7ಕ್ಕೆ ಎಂದರೆ ನಂಬಲಿಲ್ಲ. ಒಂದೇ ತಾಲೂಕಿನವರು ಹೀಗೆ ಬೇರೆ ಬೇರೆ ದಿನ ಓಟು ಹಾಕುವುದು ಎಂತಕ್ಕೆ ಎಂದು ಅಂಗಡಿಗೆ ಬಂದವರೂ ಕೇಳಿದರು. ಜೆರಾಕ್ಸ್ ಅಂಗಡಿಯವಳಿಗೆ ಎಲ್ಲ ಗೊತ್ತಿರುತ್ತದೆ ಎಂಬುದು ವಂಡ್ಸೆ ಪೇಟೆಯವರ ನಂಬಿಕೆ.

ನಾನು ಹೇಳಿದ್ದು ಇಷ್ಟು. 2008ರಲ್ಲಿ ಕ್ಷೇತ್ರಗಳ ಗಡಿ ಹೊಸದಾಗಿ ಎಳೆದಾಗ ಬೈಂದೂರು ವಿಧಾನಸಭಾ ಕ್ಷೇತ್ರವನ್ನು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿಸಿದರು. ವಂಡ್ಸೆ ಇರುವುದು ಬೈಂದೂರು ಕ್ಷೇತ್ರದಲ್ಲಿ. ಕುಂದಾಪುರ ಕ್ಷೇತ್ರ ಉಡುಪಿ-ಚಿಕ್ಕಮಗಳೂರಿನ ಪಾಲಿಗೆ ಹೋಯಿತು. ಹಾಗಾಗಿ ನಮಗೆ ತಹಶೀಲ್ದಾರರು ಕುಂದಾಪುರದಲ್ಲಿ, ಡಿಸಿ ಉಡುಪಿಯಲ್ಲಿ, ಶಾಸಕರು ಬೈಂದೂರಿನವರು, ಸಂಸದರು ಘಟ್ಟದ ಮೇಲಿನ ಶಿವಮೊಗ್ಗದವರು. ಕೋಟದವರ ಕತೆ ಇನ್ನೊಂದು ತರಹ: ತಾಲೂಕು ಬ್ರಹ್ಮಾವರ, ಶಾಸಕರು ಕುಂದಾಪುರದವರು.

ಕೇಳಿಕೊಂಡವರು ತಲೆ ಆಡಿಸಿ ಹೋದರು. ಅರ್ಥವಾದದ್ದಕ್ಕೋ, ಬಿಸಿಲಿಗೋ ತಿಳಿಯಲಿಲ್ಲ.

7 ಮೇ, ಮಂಗಳವಾರ

ಸೆಕೆ ಏರುವ ಮೊದಲು ಹೋಗಿ ಓಟು ಹಾಕಿ ಬಂದೆ. ಸಾಲಿನಲ್ಲಿ ಮುಂದೆ ನಿಂತವರೊಬ್ಬರು ಗೊಣಗುತ್ತಿದ್ದರು: ಕಡಲ ಬದಿಯ ನಮಗೂ ಶಿವಮೊಗ್ಗಕ್ಕೂ ಎಂತ ಸಂಬಂಧ ಅಂತ. ಈ ಮಾತು ಪ್ರತಿ ಲೋಕಸಭಾ ಚುನಾವಣೆಯಲ್ಲೂ ಬರುತ್ತದೆ. ಇಲ್ಲಿಯ ಮೀನು, ಉಪ್ಪುನೀರು, ರೈಲು ಘಟ್ಟದ ಮೇಲಿನವರಿಗೆ ಎಷ್ಟು ಅರ್ಥವಾದೀತು ಎಂಬ ಅನುಮಾನ ನನಗೂ ಇದೆ. ಆದರೆ ಸಂಬಂಧವೇ ಇಲ್ಲ ಎಂದರೆ ಒಪ್ಪಲಾರೆ.

ಪೇಟೆಯ ಬುಡದಲ್ಲಿ ಹರಿಯುವ ಚಕ್ರಾ ನದಿಯನ್ನೇ ನೋಡಲಿ. ಅದರ ತಲೆ ಇರುವುದು ಹೊಸನಗರ ತಾಲೂಕಿನಲ್ಲಿ. ಅಲ್ಲೇ ಮೇಲೆ ಚಕ್ರಾ ಅಣೆಕಟ್ಟು ಕಟ್ಟಿ, ಪಕ್ಕದ ಸಾವೆಹಕ್ಕಲು ಅಣೆಕಟ್ಟಿನ ಜೊತೆ ಸೇರಿಸಿ, ಕಡಲಿಗೆ ಬರಬೇಕಾದ ನೀರನ್ನು ಲಿಂಗನಮಕ್ಕಿ ಜಲಾಶಯಕ್ಕೆ ತಿರುಗಿಸಿದ್ದಾರೆ, ಶರಾವತಿಯ ಕರೆಂಟಿಗೆ. ಅಂದರೆ ನಮ್ಮ ಹೊಳೆಯ ಒಂದು ಪಾಲು ಮೊದಲೇ ಶಿವಮೊಗ್ಗದ ಕಡೆ ಹೋಗಿದೆ, ಓಟು ಹೋದದ್ದು ಆಮೇಲೆ. ಕೊಡಚಾದ್ರಿಯೂ ಹಾಗೆಯೇ. ಬೆಟ್ಟ ಅವರ ಜಿಲ್ಲೆಯದು, ಅಲ್ಲಿಂದ ಇಳಿಯುವ ಸೌಪರ್ಣಿಕಾ ಕೊಲ್ಲೂರಿನದು. ಚಕ್ರಾ, ಸೌಪರ್ಣಿಕಾ, ವಾರಾಹಿ, ಜೊತೆಗೆ ಇನ್ನೆರಡು ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲಿಗೆ ಬೀಳುತ್ತವೆ. ಈ ಹೊಳೆಗಳ ನಕ್ಷೆ ಬರೆದರೆ ಜಿಲ್ಲೆಯ ಗೆರೆ ಅಡ್ಡಕ್ಕೆ ಬರುತ್ತದೆ.

ರಾಜ್ಯಭಾರ ನೋಡಿದರೂ ಅಷ್ಟೇ. 1763ರಲ್ಲಿ ಹೈದರಾಲಿ ಬಿದನೂರು ಹಿಡಿಯುವ ತನಕ ಈ ಕರಾವಳಿಯನ್ನು ಆಳಿದ್ದು ಘಟ್ಟದ ಮೇಲಿನ ಕೆಳದಿಯವರು. ಬಸ್ರೂರಿನ ಬಂದರು ಅವರ ಕೈಯಲ್ಲಿತ್ತು. ಉಡುಪಿ ಎಂಬ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 25ರಂದು, ಮೊನ್ನೆ ಮೊನ್ನೆ. ಅಪ್ಪಯ್ಯನಿಗೆ ಕೊನೆಯವರೆಗೂ ಜಿಲ್ಲೆ ಎಂದರೆ ಮಂಗಳೂರೇ. ಡಿಸಿ ಆಫೀಸಿಗೆ ಹೋಗುವುದೆಂದರೆ ಬೆಳಗಿನ ಮೊದಲ ಬಸ್ಸು, ರಾತ್ರಿ ವಾಪಸು. ಅದಕ್ಕೂ ಹಿಂದೆ ಮದ್ರಾಸು: 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿಗೆ ಕೊಟ್ಟಾಗ ಕುಂದಾಪುರ ತಾಲೂಕನ್ನು ಮಾತ್ರ ಬಿಡಿಸಿ ಮದ್ರಾಸಿನಲ್ಲೇ ಉಳಿಸಿಕೊಂಡರು. ಶಿರೂರು ದಾಟಿ ಭಟ್ಕಳಕ್ಕೆ ಕಾಲಿಟ್ಟರೆ ಬೇರೆ ಪ್ರೆಸಿಡೆನ್ಸಿ. ಇದೆಲ್ಲ ಓಟಿನ ಸಾಲಿನಲ್ಲಿ ಹೇಳುವ ವಿಷಯವಲ್ಲ, ಸುಮ್ಮನಿದ್ದೆ.

9 ಮೇ, ಗುರುವಾರ

ಎಸ್ಸೆಸ್ಸೆಲ್ಸಿ ಫಲಿತಾಂಶ. ಉಡುಪಿ ರಾಜ್ಯಕ್ಕೆ ಮೊದಲು, ಶೇ. 94. ದಕ್ಷಿಣ ಕನ್ನಡ ಎರಡನೆಯದು, ಶಿವಮೊಗ್ಗ ಮೂರನೆಯದು. ನಮ್ಮ ಹಳೆಯ ಜಿಲ್ಲೆ, ಹೊಸ ಜಿಲ್ಲೆ, ಓಟಿನ ಜಿಲ್ಲೆ ಮೂರೂ ಒಟ್ಟಿಗೆ ಬಂದವಲ್ಲ ಎಂದು ನಕ್ಕೆ.

ಮಧ್ಯಾಹ್ನದಿಂದ ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲ. ಅಂಕಪಟ್ಟಿ ತೆಗೆಯುವುದು, ಕಾಲೇಜಿಗೆಂದು ಜಾತಿ-ಆದಾಯ ಸರ್ಟಿಫಿಕೇಟಿಗೆ ಅರ್ಜಿ ಹಾಕುವುದು. ಕಂಪ್ಯೂಟರಿನಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಒಂದರ ಕೆಳಗೊಂದು ಆರಿಸಬೇಕು. ಜಡ್ಕಲ್‌ನಿಂದ ಬಂದ ಹುಡುಗಿ ತಾಲೂಕು ಕುಂದಾಪುರ ಎಂದಳು. ಪಟ್ಟಿಯಲ್ಲಿ ಅವಳ ಊರು ಕಾಣಲೇ ಇಲ್ಲ. 2018ರಲ್ಲಿ ಬೈಂದೂರು ತಾಲೂಕಾದ ಮೇಲೆ ಜಡ್ಕಲ್, ಕೊಲ್ಲೂರು ಎಲ್ಲ ಆ ಕಡೆಗೆ ಹೋಗಿವೆ. ಚಿತ್ತೂರು, ವಂಡ್ಸೆ ಕುಂದಾಪುರದಲ್ಲೇ ಉಳಿದಿವೆ. ಅವಳ ಅಮ್ಮ, "ಬಸ್ಸ್ ಮಾತ್ರ ಈ ಬದಿಗೇ ಇತ್ತಲೆ" ಅಂದರು. ಕೊಲ್ಲೂರಿನಿಂದ ಹೆಮ್ಮಾಡಿಗೆ ಇಳಿಯುವ ರಸ್ತೆ ನಮ್ಮ ಪೇಟೆಯ ಮೇಲೇ ಹಾದುಹೋಗುವಾಗ ಅವರು ಹಾಗನ್ನುವುದು ಸರಿಯೇ. ಹೊಸ ತಾಲೂಕು ಮಾಡುವವರು ಮೊದಲು ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಯಾರು ಎಲ್ಲಿಗೆ ಹೋಗುತ್ತಾರೆಂದು ನೋಡಬೇಕು.

18 ಮೇ, ಶನಿವಾರ

ಇಡೂರು ಕಡೆಯ ಅಜ್ಜಯ್ಯ ಆರ್‌ಟಿಸಿ ತೆಗೆಸಲು ಬಂದಿದ್ದರು. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. "ನಮ್ ಗುಡ್ಡಿ ಎಲ್ಲಿತ್ತ್ ಇದ್ರಗೆ?" ಗುಡ್ಡೆ ಎಂದರೆ ಅವರ ಕುಮ್ಕಿ. ಅಪ್ಪ, ಅಜ್ಜನ ಕಾಲದಿಂದ ಅಲ್ಲಿಯ ಸೊಪ್ಪು ಹಟ್ಟಿಗೆ, ಸೌದೆ ಒಲೆಗೆ. ಆರ್‌ಟಿಸಿಯಲ್ಲಿ ಅವರ ಹೆಸರು ಗದ್ದೆ, ತೋಟಕ್ಕೆ ಮಾತ್ರ. ಗುಡ್ಡೆ ಸರಕಾರದ್ದು.

ಬಯಲುಸೀಮೆಯಿಂದ ವರ್ಗವಾಗಿ ಬಂದ ಅಧಿಕಾರಿಗಳಿಗೆ ಇದು ಬೇಗ ತಲೆಗೆ ಹತ್ತುವುದಿಲ್ಲ. ಅವರ ಕಡೆ ಊರು ಎಂದರೆ ಒತ್ತೊತ್ತಾಗಿ ಮನೆ, ಸುತ್ತ ಹೊಲ. ಇಲ್ಲಿ ಊರೇ ಕಾಣುವುದಿಲ್ಲ. ಬೈಲಿಗೊಂದು, ಮಕ್ಕಿಗೊಂದು, ಗುಡ್ಡದ ಮಗ್ಗುಲಿಗೊಂದು ಮನೆ. ಪ್ರತಿ ಮನೆಗೂ ಗದ್ದೆಯ ಬೆನ್ನಿಗೆ ಒಂದು ಗುಡ್ಡೆ ಬೇಕು, ಇಲ್ಲದಿದ್ದರೆ ಗೊಬ್ಬರವಿಲ್ಲ. ಅದಕ್ಕೇ ಮದ್ರಾಸು ಸರಕಾರದ ಕಾಲದಿಂದ ಕದೀಮ್ ವರ್ಗದ, ಅಂದರೆ ಹಳೆಯ ಹಿಡುವಳಿಯ, ಜಾಗದಿಂದ ನೂರು ಗಜದೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವಿನ ಸೌಲಭ್ಯ ವರ್ಗದಾರನಿಗೆ ಇತ್ತು; ಇದೇ ಕುಮ್ಕಿ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮು ಕೂಡ ಅದನ್ನು ಉಳಿಸಿತು. ಸೌಲಭ್ಯ ಸಿಕ್ಕಿತು, ಹಕ್ಕುಪತ್ರ ಸಿಗಲಿಲ್ಲ. ಹಟ್ಟಿಯಲ್ಲಿ ದನ ಇದ್ದಾಗ ಈ ವ್ಯತ್ಯಾಸ ಯಾರಿಗೂ ಬೇಕಾಗಿರಲಿಲ್ಲ. ಈಗ ಗುಡ್ಡೆಯಲ್ಲಿ ರಬ್ಬರು, ಗೇರು ಬಂದಿದೆ, ಪಾಲು ಕೇಳುವ ಮಕ್ಕಳಿದ್ದಾರೆ. ಅಜ್ಜಯ್ಯನಿಗೆ ನಾಲ್ಕು ಜನ ಮಕ್ಕಳು.

"ಹಕ್ಕುಪತ್ರಕ್ಕೆ ಎಷ್ಟ್ ಸರ್ತಿ ಆಫೀಸಿಗೆ ಹೋಪುದ್ ಮಗಾ?" ಎಂದರು. ಚುನಾವಣೆಯ ನೀತಿ ಸಂಹಿತೆ ಮುಗಿಯಲಿ ಎಂದೆ. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಪ್ರತಿಗೆ ದುಡ್ಡು ಬೇಡವೆಂದರೂ ಎಣಿಸಿ ಕೊಟ್ಟೇ ಹೋದರು.

22 ಮೇ, ಬುಧವಾರ

ಕಸದ ಗಾಡಿ ಬಂತು. ಹಸಿ ಬೇರೆ, ಒಣ ಬೇರೆ ಮಾಡಿ ಕೊಡುವುದು ವಂಡ್ಸೆಯವರಿಗೆ ಈಗ ರೂಢಿ. ನಮ್ಮ ಗ್ರಾಮ ಪಂಚಾಯತ್‌ನ ತ್ಯಾಜ್ಯ ಘಟಕ ನೋಡಲು ಹೊರಗಿನ ಪಂಚಾಯತ್‌ಗಳವರು ಬಂದು ಹೋಗುತ್ತಾರೆ. ಗಾಡಿ ಎಲ್ಲಿ ತಿರುಗಿ ವಾಪಸಾಗುತ್ತದೋ ಅಲ್ಲಿಗೆ ಪಂಚಾಯತ್ ಮುಗಿಯಿತು. ನನಗೆ ಕಣ್ಣಿಗೆ ಕಾಣುವ ಗಡಿ ಅದೊಂದೇ. ಮೇಲಿನ ತಾಲೂಕು ಪಂಚಾಯತ್, ಜಿಲ್ಲಾ ಪಂಚಾಯತ್‌ಗಳಿಗೆ 2016ರ ನಂತರ ಚುನಾವಣೆಯೇ ಆಗಿಲ್ಲ. ಅವಧಿ 2021ಕ್ಕೇ ಮುಗಿದು ಆಡಳಿತಾಧಿಕಾರಿಗಳು ಕೂತಿದ್ದಾರೆ. ಯಾವ ಸಾಲಿನಲ್ಲೂ ಯಾರೂ ಇದಕ್ಕೆ ಗೊಣಗಿದ್ದು ಕೇಳಿಲ್ಲ. ಶಿವಮೊಗ್ಗ ದೂರ ಎಂದು ಸಿಟ್ಟಾಗುವವರು ಇದಕ್ಕಲ್ಲವೇ ಮೊದಲು ಸಿಟ್ಟಾಗಬೇಕಾದ್ದು?

3 ಜೂನ್, ಸೋಮವಾರ

ಮತ್ತೊಂದು ಓಟು, ವಿಧಾನ ಪರಿಷತ್ತಿನ ನೈರುತ್ಯ ಪದವೀಧರ ಕ್ಷೇತ್ರಕ್ಕೆ. ಬಿ.ಕಾಂ. ಓದಿದ್ದು ಇದೊಂದಕ್ಕಾದರೂ ಬಂತು. ಈ ನಕ್ಷೆಯಲ್ಲಿ ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಎಲ್ಲ ಒಂದು, ದಾವಣಗೆರೆಯ ತುಂಡೂ ಸೇರಿದೆ. ಕೊಡಗು ಬಿಟ್ಟರೆ ಹೆಚ್ಚುಕಡಿಮೆ ನಮಗೆ ಕರೆಂಟು ಕೊಡುವ ಮೆಸ್ಕಾಂನ ನಕ್ಷೆಯೇ. ಕೋಟೇಶ್ವರದ ಚಿಕ್ಕಮ್ಮನ ಮಗಳದೂ ನನ್ನದೂ ಈ ಸಲ ಒಂದೇ ದಿನ, ಒಂದೇ ಅಭ್ಯರ್ಥಿಗಳ ಪಟ್ಟಿ. ಅವರೇ ಕೊಡುವ ನೇರಳೆ ಪೆನ್ನಿನಲ್ಲಿ 1, 2 ಎಂದು ಬರೆಯಬೇಕು. ಅವಳು ರೈಟು ಗುರುತು ಹಾಕಿ ಓಟು ಕೆಡಿಸುವವಳು, ಫೋನು ಮಾಡಿ ಎರಡು ಸಲ ಹೇಳಿದೆ.

ನಾಳೆ ಲೋಕಸಭೆಯ ಎಣಿಕೆ. ನಮ್ಮ ಓಟು ಎಣಿಸುವುದು ಶಿವಮೊಗ್ಗದಲ್ಲಿ. ಶಾಲೆ ತೆರೆದಿದೆ, ಅಂಗಡಿಯಲ್ಲಿ ಎ-ಫೋರ್ ಕಾಗದ ಮುಗಿದಿದೆ. ಬೆಳಗಿನ ಬಸ್ಸಿಗೆ ಕುಂದಾಪುರಕ್ಕೆ ಹೋಗಿ ತರಬೇಕು.