ಕಟಕಟೆಯಲ್ಲಿ ಢಂ ಢಂ

ಸಂಗೀತವನ್ನು ಕಿವಿಯಿಂದಲೇ ಕೇಳಬೇಕೆಂದು ಯಾರು ಕಟ್ಟಪ್ಪಣೆ ಮಾಡಿದರೋ ಕಾಣೆ. ಎದೆಯಿಂದ, ಹೊಟ್ಟೆಯಿಂದ, ಕುಳಿತ ಕುರ್ಚಿಯಿಂದ ಕೇಳುವ ಸಂಗೀತವೂ ಉಂಟು. ಗಣೇಶನನ್ನು ಬಿಡುವ ದಿನ ಡಿಜೆ ಲಾರಿ ಮನೆ ಮುಂದೆ ಹಾಯುವಾಗ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ತಾವಾಗಿಯೇ ತಾಳ ಹಾಕುವುದನ್ನು ಕಂಡವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕಾರಿನ ಡಿಕ್ಕಿಯ ತುಂಬ ವೂಫರ್ ತುರುಕಿ, ನಂಬರ್ ಪ್ಲೇಟು ಗಡಗಡ ನಡುಗುವಂತೆ ಬೀದಿ ಸುತ್ತುವುದೇ ಒಂದು ಷೋಕಿಯಾಗಿದ್ದ ಊರು ಅಮೆರಿಕದ ಮಯಾಮಿ. ಆ ಊರಿನ ಸದ್ದಿಗೆ ಹೆಸರನ್ನೂ ಕೆಟ್ಟ ಹೆಸರನ್ನೂ ಒಟ್ಟಿಗೇ ತಂದವರು ಟೂ ಲೈವ್ ಕ್ರೂ ಎಂಬ ಹಿಪ್‌ಹಾಪ್ ತಂಡದವರು.

ಆದರೆ ತಂಡ ಹುಟ್ಟಿದ್ದು ಮಯಾಮಿಯಲ್ಲಲ್ಲ, ಕ್ಯಾಲಿಫೋರ್ನಿಯಾದಲ್ಲಿ. ವಾಯುಪಡೆಯ ನೌಕರಿಯಲ್ಲಿದ್ದ ಡೇವಿಡ್ ಹಾಬ್ಸ್, ಅಂದರೆ ಮಿಸ್ಟರ್ ಮಿಕ್ಸ್, ಮತ್ತು ಟ್ರಿನಿಡಾಡ್‌ನಲ್ಲಿ ಹುಟ್ಟಿದ ಕ್ರಿಸ್ ವಾಂಗ್ ವಾನ್, ಅಂದರೆ ಫ್ರೆಶ್ ಕಿಡ್ ಐಸ್, ಇದರ ಮೂಲಪುರುಷರು. ಅವರ ರೆಕಾರ್ಡಿಗೆ ಫ್ಲಾರಿಡಾದಲ್ಲಿ ಗಿರಾಕಿ ಇರುವುದನ್ನು ಕಂಡು ಕರೆಸಿಕೊಂಡವನು ಮಯಾಮಿಯ ಲಿಬರ್ಟಿ ಸಿಟಿ ಬಡಾವಣೆಯ ಡಿಜೆ ಲೂಥರ್ ಕ್ಯಾಂಪ್‌ಬೆಲ್. ಮಹಾ ಚಾಲೂಕು. ‘ಸ್ಟಾರ್ ವಾರ್ಸ್’ ನಾಯಕನ ಹೆಸರಿಗೆ ಒಂದು ‘ವೈ’ ಅಕ್ಷರ ಹೆಚ್ಚಿಗೆ ಸೇರಿಸಿ ತಾನು ಲ್ಯೂಕ್ ಸ್ಕೈವಾಕರ್ ಎಂದ. ಕಂಪನಿಗೂ ಅದನ್ನೇ ಇಟ್ಟ. ಜಾರ್ಜ್ ಲ್ಯೂಕಸ್ ದಾವೆ ಹೂಡಿದ ಮೇಲೆ ಹಣ ತೆತ್ತು ಬರೀ ಲ್ಯೂಕ್ ಆದ. ಈ ದಾವೆಗೂ ಮೊದಲೇ ಬ್ರದರ್ ಮಾರ್ಕ್ವಿಸ್ ಬಂದು ಸೇರಿ ನಾಲ್ವರಾಗಿದ್ದರು.

ಇವರ ಜೊತೆ ಐದನೆಯದೊಂದು ಇತ್ತು, ಸಂಬಳವಿಲ್ಲದ್ದು: ಜಪಾನಿನ ರೋಲ್ಯಾಂಡ್ ಕಂಪನಿಯ ಟಿಆರ್-808 ಎಂಬ ಡ್ರಮ್ ಪೆಟ್ಟಿಗೆ. 1980ರಲ್ಲಿ ಬಂದು 1983ಕ್ಕೆ ನಿಂತೇಹೋಯಿತು. ತಯಾರಾದದ್ದು ಸುಮಾರು 12,000. ಅಸಲಿ ಡ್ರಮ್ಮಿನಂತೆ ಕೇಳಿಸುವುದೇ ಇಲ್ಲ ಎಂದು ದೊಡ್ಡವರು ಮೂಗು ಮುರಿದರು. ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದ ಮೇಲೆ ಹುಡುಗರ ಕೈಗೆ ಎಟುಕಿತು. ಅದರ ಬೇಸ್ ಡ್ರಮ್ಮಿಗೊಂದು ತಿರುಪು. ತಿರುಗಿಸಿದಷ್ಟೂ ಏಟು ಏಟಾಗಿ ಮುಗಿಯದೆ ಹೂಂ ಎಂದು ನೆಲ ಹಿಡಿದು ಹರಿಯುತ್ತದೆ. ಮಯಾಮಿ ಬೇಸ್ ಎಂಬ ಸಂಗೀತ ಶೈಲಿಯ ಒಳಗುಟ್ಟು ಬಹುಮಟ್ಟಿಗೆ ಆ ತಿರುಪಿನಲ್ಲೇ ಇದೆ.

ಸಾಹಿತ್ಯದ ಮಾತು ಬೇಡ. ಅಲ್ಲ, ಬೇಡ ಎಂದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಶುದ್ಧ ಪೋಲಿ. ಅದರಲ್ಲೂ ಹೆಂಗಸರ ಬಗ್ಗೆ ಆಡಿದ ಮಾತುಗಳನ್ನು ಯಾವ ಕಲೆಯ ಹೆಸರಿನಲ್ಲಿ ತೊಳೆದರೂ ಬಿಳಿಯಾಗವು. 1989ರ ‘ಆಸ್ ನ್ಯಾಸ್ಟಿ ಆಸ್ ದೇ ವಾನ್ನಾ ಬಿ’ ಆಲ್ಬಮ್ 20 ಲಕ್ಷಕ್ಕೂ ಮಿಕ್ಕಿ ಖರ್ಚಾಯಿತು. 1990ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಅದನ್ನು ಅಶ್ಲೀಲವೆಂದು ತೀರ್ಪಿತ್ತರು. ಎರಡೇ ದಿನಕ್ಕೆ ಅದನ್ನು ಮಾರಿದ ಅಂಗಡಿಯವನನ್ನು ಮಯಾಮಿ ಪಕ್ಕದ ಬ್ರೋವರ್ಡ್ ಕೌಂಟಿಯ ಪೊಲೀಸರು ಹಿಡಿದರು. ಅದೇ ವಾರ ಕ್ಲಬ್ಬಿನಲ್ಲಿ ಹಾಡಿದ್ದಕ್ಕೆ ತಂಡದವರ ಮೇಲೂ ಕೇಸು.

ಇಲ್ಲಿಂದ ಮುಂದೆ ಪ್ರಹಸನ. ಪೊಲೀಸರು ಮಫ್ತಿಯಲ್ಲಿ ಹೋಗಿ ಪುಟ್ಟ ಟೇಪಿನಲ್ಲಿ ಹಾಡು ಹಿಡಿದುಕೊಂಡು ಬಂದಿದ್ದರು. ಕೋರ್ಟಿನಲ್ಲಿ ಹಾಕಿದರೆ ಬರೀ ಗದ್ದಲ, ಗುಡುಗು. ಯಾವ ಮಾತಿಗಾಗಿ ಕೇಸೋ ಆ ಮಾತೇ ತಿಳಿಯದು! ಕೊನೆಗೆ ಪೊಲೀಸರೇ ಸಾಕ್ಷಿಕಟ್ಟೆಯಲ್ಲಿ ಕುಳಿತು, ಗಂಭೀರ ಮುಖದಲ್ಲಿ, ಆ ಪೋಲಿ ಸಾಲುಗಳನ್ನು ಒಂದೊಂದಾಗಿ ಬಿಡಿಸಿ ಹೇಳಬೇಕಾಯಿತು. ಜ್ಯೂರಿಯವರು ತಡೆಯಲಾರದೆ ನಗಲು ಅಪ್ಪಣೆಯಿದೆಯೇ ಎಂದು ಚೀಟಿ ಕಳುಹಿಸಿದರು. ನ್ಯಾಯಾಧೀಶರು ಅಪ್ಪಣೆ ಕೊಟ್ಟರು. ಹಾರ್ವರ್ಡಿಗೆ ಮುಂದೆ ಹೆಸರು ತಂದ ವಿದ್ವಾಂಸ ಹೆನ್ರಿ ಲೂಯಿಸ್ ಗೇಟ್ಸ್ ಬಂದು, ಇದು ಕರಿಯರ ಹಳೆಯ ಕೀಟಲೆಮಾತಿನ ಪರಂಪರೆ ಎಂದು ಪಾಠ ಹೇಳಿದರು. ಅಕ್ಟೋಬರ್‌ನಲ್ಲಿ ತಂಡ ಖುಲಾಸೆ. ಅದೇ ತಿಂಗಳು, ಅದೇ ಕೌಂಟಿಯಲ್ಲಿ, ಅಂಗಡಿಯವನು ಮಾತ್ರ ತಪ್ಪಿತಸ್ಥ. 1,000 ಡಾಲರ್ ದಂಡ. ಹಾಡಿದವನಿಗೆ ಬಿಡುಗಡೆ, ಮಾರಿದವನಿಗೆ ಜುಲ್ಮಾನೆ! ಅಶ್ಲೀಲವೆಂಬ ಮೊದಲ ತೀರ್ಪನ್ನು ಮೇಲಿನ ಕೋರ್ಟು 1992ರಲ್ಲಿ ತಳ್ಳಿಹಾಕಿತು. ಆ ಆಲ್ಬಮ್ಮಿನ ಟೇಪೊಂದನ್ನು ಬಿಟ್ಟರೆ ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಷೆರೀಫರು ಬೇರೆ ಪುರಾವೆಯನ್ನೇ ಕೊಟ್ಟಿರಲಿಲ್ಲ.

ಅಷ್ಟಕ್ಕೇ ಸುಮ್ಮನಾದರೇ? ರಾಯ್ ಆರ್ಬಿಸನ್‌ರ ‘ಓ, ಪ್ರೆಟಿ ವುಮನ್’ ಹಾಡನ್ನು ಅಣಕಿಸಿದ್ದಕ್ಕೆ ಅದರ ಹಕ್ಕುದಾರರು ದಾವೆ ಹೂಡಿದರು; ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1994ರ ಮಾರ್ಚ್‌ನಲ್ಲಿ ಒಂಬತ್ತೂ ಮಂದಿ ಒಮ್ಮತದಿಂದ, ಲಾಭಕ್ಕೆ ಮಾಡಿದ ಅಣಕವೂ ನ್ಯಾಯವಾದ ಬಳಕೆಯಾಗಬಹುದು ಎಂದರು. ಮೂಲ ಹಾಡನ್ನೂ ಅಣಕವನ್ನೂ ತೀರ್ಪಿನ ಕೊನೆಗೆ ಅಚ್ಚು ಹಾಕಿಸಿದರು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ಓದಿಯೇ ಪರೀಕ್ಷೆ ಬರೆಯುತ್ತಾರೆ. ಆದರೆ ಒಂದು ಪ್ರಶ್ನೆ ಮಾತ್ರ ಆ ಘನ ಪೀಠಕ್ಕೂ ಬಗೆಹರಿಯಲಿಲ್ಲ: ಮೂಲ ಹಾಡಿನ ಆರಂಭದ ಬೇಸ್ ತುಣುಕನ್ನು ಇವರು ಮತ್ತೆ ಮತ್ತೆ ಬಳಸಿದ್ದು ಅತಿಯಾಯಿತೇ ಎಂಬುದು. ಅದನ್ನು ಕೆಳಗಿನ ಕೋರ್ಟಿಗೆ ವಾಪಸು ಕಳಿಸಿದರು; ಕಡೆಗೆ ಎರಡೂ ಕಡೆಯವರು ರಾಜಿಯಾದರು. ಹೀಗೆ ಬೇಸ್ ಎರಡು ಸಲ ಕಟಕಟೆ ಹತ್ತಿತು, ಎರಡು ಸಲವೂ ಯಾರ ಕೈಗೂ ಸಿಗದೆ ಇಳಿದುಬಂತು.

ತಂಡ ಹಂಚಿಹೋಯಿತು, ಕ್ಯಾಂಪ್‌ಬೆಲ್ ದಿವಾಳಿಯೆದ್ದ, ಆಮೇಲೆ ಹುಡುಗರಿಗೆ ಫುಟ್‌ಬಾಲ್ ಕಲಿಸಿದ, ಮೇಯರ್ ಚುನಾವಣೆಗೆ ನಿಂತು ಸೋತ. ಫ್ರೆಶ್ ಕಿಡ್ ಐಸ್ 2017ರಲ್ಲಿ, ಬ್ರದರ್ ಮಾರ್ಕ್ವಿಸ್ 2024ರಲ್ಲಿ ತೀರಿಕೊಂಡರು.

ಇಷ್ಟು ಓದಿ ಕುತೂಹಲವಾಯಿತೆಂದು ಈಗಲೇ ಮೊಬೈಲಿನಲ್ಲಿ ಹುಡುಕಬೇಡಿ. ಮನೆಯಲ್ಲಿ ಹಿರಿಯರು, ಮಕ್ಕಳು ಇಲ್ಲದ ಹೊತ್ತು ನೋಡಿ, ಒಂದು ಒಳ್ಳೆಯ ವೂಫರ್ ಸಂಪಾದಿಸಿಕೊಂಡು ಕೇಳಿ. ಫೋನಿನ ಸ್ಪೀಕರಿನಲ್ಲಿ ಬೈಗುಳವಷ್ಟೇ ಕೇಳಿಸುತ್ತದೆ, ಬೇಸ್ ಕೇಳಿಸುವುದಿಲ್ಲ.