ಹದಿಮೂರು ಅಡಿ ಹಿಮದ ಕೆಳಗೆ ಒಂಬತ್ತು ಜೀವ

ಎತ್ತುಗಳ ಕಾಲಿಗೆ ನೆಲ ಸಿಗಲಿಲ್ಲ. ಹಿಮ ಹೊಟ್ಟೆ ಮುಟ್ಟಿತು. ಬಂಡಿ ಒಂದು ಸಲ ಜಗ್ಗಿತು, ವಾಲಿತು, ನಿಂತೇಬಿಟ್ಟಿತು. ಮುಂದಿದ್ದ ದಾರಿ ಅಳಿಸಿಹೋಗಿತ್ತು.

1846ರ ನವೆಂಬರ್ ಆರಂಭ. ಅಮೆರಿಕದ ಸಿಯೆರಾ ನೆವಾಡಾ ಪರ್ವತಸಾಲು. ಘಟ್ಟದ ನೆತ್ತಿ 7,000 ಅಡಿ ಮೇಲೆ. ಅಲ್ಲಿಗೆ ಇನ್ನು ಮೂರೇ ಮೈಲಿ. ದಾಟಿದರೆ ಕ್ಯಾಲಿಫೋರ್ನಿಯಾ, ಬಿಸಿಲು, ಹೊಲ, ಹೊಸ ಬದುಕು. ಪ್ಯಾಟ್ರಿಕ್ ಬ್ರೀನ್ ಮುಗಿಲು ನೋಡಿದ. ಹೆಂಡತಿ ಮಾರ್ಗರೇಟ್‌ಳನ್ನು ನೋಡಿದ. ಏಳು ಮಕ್ಕಳನ್ನು ನೋಡಿದ. ಎತ್ತುಗಳನ್ನು ಹಿಂದಕ್ಕೆ ತಿರುಗಿಸಿದ.

ಹಿಂದೆ ಇದ್ದದ್ದು ಒಂದು ಸರೋವರ. ದಡದಲ್ಲಿ ಯಾರೋ ಬಿಟ್ಟುಹೋದ ಒಂದೇ ಒಂದು ಗುಡಿಸಲು.

ಬ್ರೀನ್ ಹುಟ್ಟಾ ರೈತ. ಐರ್ಲೆಂಡಿನ ಕಾರ್ಲೋ ಸೀಮೆಯವನು, ಕಟ್ಟಾ ಕ್ಯಾಥೋಲಿಕ. 1828ರಲ್ಲಿ ಹಡಗು ಹತ್ತಿ ಕೆನಡಾಕ್ಕೆ ಬಂದ. ಅಲ್ಲಿ ಮಾರ್ಗರೇಟ್‌ಳ ಕೈ ಹಿಡಿದ. ಅಲ್ಲಿಂದ ಇಲಿನಾಯ್, ಅಲ್ಲಿಂದ ಅಯೋವಾ. ಮಿಸಿಸಿಪ್ಪಿ ನದಿಯ ಬಳಿ ನೆಲ ಹಸನು ಮಾಡಿದ, ಬೆಳೆ ತೆಗೆದ. ಆದರೂ ಪಡುವಣದ ಸೆಳೆತ ಬಿಡಲಿಲ್ಲ. ಐವತ್ತರ ಅಂಚಿನಲ್ಲಿ ಎಲ್ಲವನ್ನೂ ಮೂರು ಬಂಡಿಗಳಿಗೆ ತುಂಬಿ, 1846ರ ಏಪ್ರಿಲ್‌ನಲ್ಲಿ ನೊಗ ಹೂಡಿದ. ಮುಂದಿದ್ದದ್ದು ಸುಮಾರು 2,000 ಮೈಲಿ. ಹಿರಿಮಗ ಜಾನ್‌ಗೆ 14 ವರ್ಷ. ಕಿರಿಮಗಳು ಇಸಬೆಲ್ಲಾ ಎದೆಹಾಲಿನ ಕೂಸು.

ಮೊದಲ ಏಟು ಎರಡನೆಯ ಮಗ ಎಡ್ವರ್ಡ್‌ಗೆ ಬಿತ್ತು. ಕುದುರೆಯಿಂದ ಉರುಳಿದ, ಕಾಲಿನ ಮೂಳೆ ಮುರಿದು ಹೊರಬಂತು. ದಾರಿಯ ಕೋಟೆಯೊಂದರಿಂದ ಕರೆಸಿದ ಆಸಾಮಿ ಗರಗಸ ತೆಗೆದ. ಹುಡುಗ ಕಿರುಚಿದ, ಅಂಗಲಾಚಿದ, ಕಾಲು ಕೊಡೆನೆಂದು ಹಟ ಹಿಡಿದ. ಹೆತ್ತವರು ಆಸಾಮಿಯ ಕೈಗೆ ಐದು ಡಾಲರ್ ಇಟ್ಟು ಸಾಗಹಾಕಿದರು. ತಾಯಿಯೇ ಮೂಳೆ ಕೂಡಿಸಿದಳು, ದಬ್ಬೆ ಕಟ್ಟಿದಳು. ಕಾಲು ಉಳಿಯಿತು. ಹುಡುಗ ಮತ್ತೆ ಕುದುರೆ ಏರಿದ.

ಎರಡನೆಯ ಏಟು ಅವರು ಸೇರಿಕೊಂಡಿದ್ದ ಇಡೀ ಡಾನರ್ ತಂಡಕ್ಕೆ ಬಿತ್ತು. ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬಾತ ಒಳದಾರಿಯೊಂದನ್ನು ಸಾರುತ್ತಿದ್ದ: ನೂರಾರು ಮೈಲಿ ಉಳಿತಾಯ! ಜುಲೈ ಕೊನೆಗೆ ಡಾನರ್, ರೀಡ್, ಬ್ರೀನ್ ಕುಟುಂಬಗಳು ಆ ದಾರಿಗೆ ತಿರುಗಿದವು. ಅಲ್ಲಿ ದಾರಿಯೇ ಇರಲಿಲ್ಲ. ವಾಸಾಚ್ ಬೆಟ್ಟಗಳಲ್ಲಿ ಕೊಡಲಿ ಹಿಡಿದು ಮರ ಕಡಿದರು, ಬಂಡೆ ಉರುಳಿಸಿದರು. ಮುಂದೆ ಉಪ್ಪಿನ ಮರುಭೂಮಿ. 40 ಮೈಲಿ ಎಂದು ಕೇಳಿದ್ದರು. ಇದ್ದದ್ದು ಸುಮಾರು 80. ಹನಿ ನೀರಿಲ್ಲ. ಗಾಲಿ ಕೆಸರುಪ್ಪಿನಲ್ಲಿ ಹೂತವು. ನೊಗದಲ್ಲೇ ಎತ್ತುಗಳು ಕುಸಿದವು. ಹಲವರ ಬಂಡಿಗಳು ಅಲ್ಲೇ ಅನಾಥವಾದವು. ಬ್ರೀನ್ ತನ್ನ ದನಗಳಲ್ಲಿ ಹೆಚ್ಚಿನವನ್ನು ಉಳಿಸಿಕೊಂಡ. ಆ ದನಗಳೇ ಮುಂದೆ ಜೀವ ಕಾಯಲಿದ್ದವು.

ಒಳದಾರಿ ನುಂಗಿದ್ದು ವಾರಗಟ್ಟಲೆ ಸಮಯ. ಘಟ್ಟದ ಬುಡ ಮುಟ್ಟುವ ಹೊತ್ತಿಗೆ ಹಿಮ ಮೊದಲೇ ಬಂದು ಕೂತಿತ್ತು.

ಗುಡಿಸಲು 1844ರಲ್ಲಿ ಬೇರೊಂದು ತಂಡ ಕಟ್ಟಿದ್ದು. ಪೈನ್ ದಿಮ್ಮಿಯ ಗೋಡೆ, ಸೋರುವ ಚಾವಣಿ. ಬ್ರೀನ್ ಕುಟುಂಬ ಒಳಹೊಕ್ಕಿತು. ಉಳಿದವರು ಸುತ್ತಮುತ್ತ ಗುಡಿಸಲು ಕಟ್ಟಿದರು. ಡಾನರ್ ಕುಟುಂಬಗಳು ಕೆಲವು ಮೈಲಿ ಹಿಂದೆ ಸಿಕ್ಕಿಬಿದ್ದವು. ಸಿಯೆರಾದ ಬಲೆಗೆ ಬಿದ್ದವರು ಒಟ್ಟು 81. ಹತ್ತಿರದ ಆಸರೆ ಸಟರ್ ಕೋಟೆ, ಸುಮಾರು 100 ಮೈಲಿ ಆಚೆ, ಬೆಟ್ಟದ ಇನ್ನೊಂದು ಮಗ್ಗುಲಲ್ಲಿ.

ಈಗ ರೈತ ಎಚ್ಚೆತ್ತ. ಮೇವಿಲ್ಲದ ದನ ದಿನದಿನಕ್ಕೆ ಸೊರಗುತ್ತದೆ, ಹಿಮದಲ್ಲಿ ಕಳೆದುಹೋಗುತ್ತದೆ. ಬ್ರೀನ್ ತಡಮಾಡಲಿಲ್ಲ. ಕಡಿದ, ಹೆಪ್ಪುಗಟ್ಟಿಸಿದ, ಕೂಡಿಟ್ಟ. ತೊಗಲನ್ನೂ ಎಸೆಯಲಿಲ್ಲ. ನವೆಂಬರ್ 20ರಂದು ಎಂಟು ಹಾಳೆ ಮಡಿಚಿ 32 ಪುಟದ ಪುಸ್ತಿಕೆ ಮಾಡಿದ. ಬರೆಯತೊಡಗಿದ: ಗಾಳಿ ಯಾವ ದಿಕ್ಕು, ಹಿಮ ಎಷ್ಟು ಆಳ, ಸೌದೆ ಇದೆಯೇ, ಯಾರು ಸತ್ತರು.

ಡಿಸೆಂಬರ್ 16. ನೊಗದ ಬಾಗುಗೋಲು ಸೀಳಿ, ಹಸಿತೊಗಲ ಪಟ್ಟಿ ಹೆಣೆದು ಹಿಮಪಾದುಕೆ ಮಾಡಿದರು. 17 ಮಂದಿ ಘಟ್ಟ ಹತ್ತಲು ಹೊರಟರು. ಇಬ್ಬರು ಹಿಂದಿರುಗಿದರು. ಹೋದವರಲ್ಲಿ ಬ್ರೀನ್‌ನ ಜೀವದ ಗೆಳೆಯ, ಐರಿಷ್ ಯುವಕ ಪ್ಯಾಟ್ರಿಕ್ ಡೋಲನ್ ಇದ್ದ. ತನ್ನ ಪಾಲಿನ ಮಾಂಸವನ್ನು ರೀಡ್ ಕುಟುಂಬಕ್ಕೆ ಬಿಟ್ಟು ಹೊರಟಿದ್ದ. ಕ್ರಿಸ್ಮಸ್ ಹೊತ್ತಿಗೆ ಬಿರುಗಾಳಿ ಅವನನ್ನು ಮುಗಿಸಿತು. 33 ದಿನಗಳ ನಂತರ ಊರು ಮುಟ್ಟಿದವರು ಏಳೇ ಮಂದಿ: ಐವರು ಹೆಂಗಸರು, ಇಬ್ಬರು ಗಂಡಸರು. ಆದರೆ ಆ ಏಳು ಮಂದಿ ಸುದ್ದಿ ಮುಟ್ಟಿಸಿದರು!

ಇತ್ತ ಗುಡಿಸಲಿನಲ್ಲಿ ಬ್ರೀನ್‌ಗೆ ಮೂತ್ರಕೋಶದ ಕಲ್ಲಿನ ನೋವು ಕೆರಳಿತು. ಆತ ನೆಲಕ್ಕೊರಗಿದ. ಜಾನ್ ಮತ್ತು ಎಡ್ವರ್ಡ್ ಸೌದೆ ಕಡಿದರು. ಮಾರ್ಗರೇಟ್ ಮನೆಯ ಯಜಮಾನಿಕೆ ಹೊತ್ತಳು. ಜನವರಿ 13ಕ್ಕೆ ಹಿಮ ಗುಡಿಸಲಿಗಿಂತ ಮೇಲೇರಿತು, 13 ಅಡಿ ಇರಬೇಕೆಂದು ಬ್ರೀನ್ ಬರೆದ. ಒಳಗಿದ್ದವರು ಹಿಮ ಕೊರೆದು ಹೊರಬರಬೇಕಾಯಿತು.

ಆ ಬಿಲಕ್ಕೇ ರೀಡ್‌ನ ಹೆಂಡತಿ ಮಕ್ಕಳೂ ಬಂದು ಸೇರಿದರು. ತೊಗಲಿನ ಕೂದಲು ಸುಟ್ಟರು, ಹೆರೆದರು, ಕುದಿಸಿದರು. ಅಂಟಿನಂಥ ಗಂಜಿ. ಮೂಗು ಮುಚ್ಚಿ ನುಂಗಿದರು. ರಾತ್ರಿ ಪೈನ್ ಸೀಳು ಹೊತ್ತಿಸಿ, ಆ ಬೆಳಕಿನಲ್ಲಿ ಬ್ರೀನ್ ಪ್ರಾರ್ಥನೆ ಓದುತ್ತಿದ್ದ. ಡಿಸೆಂಬರ್ 23ಕ್ಕೇ 30 ದಿನಗಳ ಪ್ರಾರ್ಥನೆ ಹಿಡಿದಿದ್ದ. ಅದನ್ನು ಕೇಳುತ್ತಿದ್ದ 13ರ ಹುಡುಗಿ ವರ್ಜೀನಿಯಾ ರೀಡ್ ಹರಕೆ ಹೊತ್ತಳು: ಬದುಕಿದರೆ ಕ್ಯಾಥೋಲಿಕಳಾಗುತ್ತೇನೆ. ಬದುಕಿದಳು, ಆದಳು.

ಫೆಬ್ರವರಿ 19ರ ಬರಹದಲ್ಲಿ ಜೀವ ಮಿಡಿಯಿತು: ಕ್ಯಾಲಿಫೋರ್ನಿಯಾದಿಂದ ಏಳು ಮಂದಿ ಬಂದಿದ್ದಾರೆ! ಆದರೆ ಅವರು ಬೆನ್ನ ಮೇಲೆ ಹೊತ್ತು ತಂದ ಆಹಾರ ಎಷ್ಟು ಜನಕ್ಕೆ ಸಾಕು? ಅವರು 23 ಮಂದಿಯನ್ನು ಕರೆದೊಯ್ದರು. ಬ್ರೀನ್‌ನ ಮಕ್ಕಳಲ್ಲಿ ಎಡ್ವರ್ಡ್, ಸೈಮನ್ ಹೋದರು. ಉಳಿದ ಏಳು ಬ್ರೀನರು ಕಾದರು. ಸಾಕುನಾಯಿ ಟೌಸರ್‌ಗೆ ಗುಂಡು ಹೊಡೆದು ಆಹಾರ ಮಾಡಿದರು.

ಮಾರ್ಚ್ 1. ಹಿಮದ ಮೇಲೆ ಮತ್ತೆ ಹೆಜ್ಜೆ ಸದ್ದು. ಮುಂದಾಳು ಜೇಮ್ಸ್ ರೀಡ್. ದಾರಿಯಲ್ಲಿ ಒಬ್ಬನನ್ನು ಇರಿದು ಕೊಂದನೆಂದು ಇದೇ ತಂಡ ಹೊರದಬ್ಬಿದ್ದ ಮನುಷ್ಯ! ಬ್ರೀನ್ ಕೊನೆಯ ಸಾಲು ಬರೆದು ಪುಸ್ತಿಕೆ ಮುಚ್ಚಿದ. 17 ಮಂದಿಯ ಸಾಲು ಘಟ್ಟ ಏರಿತು. ಹೆಚ್ಚಿನವರು ಮಕ್ಕಳು.

ನೆತ್ತಿ ದಾಟಿದರು. ಆಗ ಬಿರುಗಾಳಿ ಎರಗಿತು.

ಎರಡು ಹಗಲು, ಎರಡು ರಾತ್ರಿ ಹಿಮ ಚಚ್ಚಿತು. ಆಹಾರ ತೀರಿತು. ಗಾಳಿ ತಗ್ಗಿದಾಗ ರೀಡ್ ನಡೆಯಬಲ್ಲವರನ್ನು ಕರೆದ. ಬ್ರೀನ್ ಕದಲಲಿಲ್ಲ. ದಾರಿಯಲ್ಲಿ ಚದುರಿ ಸಾಯುವುದಕ್ಕಿಂತ ಬೆಂಕಿಯ ಸುತ್ತ ಒಟ್ಟಿಗಿರುವುದೇ ಲೇಸೆಂದ. ರೀಡ್ ಸೌದೆ ಒಟ್ಟಿ, ನೆರವು ಕಳಿಸುವುದಾಗಿ ಹೇಳಿ ಹೊರಟ. ಉಳಿದವರು 14.

ಬೆಂಕಿ ಹಿಮ ಕರಗಿಸುತ್ತ ಕೆಳಗಿಳಿಯಿತು. ಇಪ್ಪತ್ತು ಅಡಿಗೂ ಆಳದ ಬಾವಿಯಾಯಿತು. ತಳದಲ್ಲಿ ಬರಿನೆಲ ಕಂಡಿತು. ಎಲ್ಲರೂ ಅದರೊಳಕ್ಕೆ ಇಳಿದು ಕೂತರು. ಜಾನ್ ಪ್ರಜ್ಞೆ ತಪ್ಪಿ ಕುಸಿದ. ಮಾರ್ಗರೇಟ್ ಅವನ ಬಿಗಿದ ಹಲ್ಲು ಬಿಡಿಸಿ, ಮುಚ್ಚಿಟ್ಟಿದ್ದ ಸಕ್ಕರೆಯ ಚೂರು ತುರುಕಿದಳು. ಕಣ್ಣು ಬಿಟ್ಟ! ಚಿಟಿಕೆ ಚಹಾ, ಚೂರು ಸಕ್ಕರೆ: ಅಷ್ಟೇ ಅವಳ ಉಗ್ರಾಣ. ಒಂದೊಂದು ಮಗುವಿನ ಉಸಿರನ್ನೂ ಮುಟ್ಟಿ ನೋಡುತ್ತ ಕೂತಳು. ಮೂವರು ಸತ್ತರು: ಒಬ್ಬ ತಾಯಿ, ಇಬ್ಬರು ಗಂಡುಮಕ್ಕಳು. ಉಳಿದವರು ಸತ್ತವರನ್ನೇ ತಿಂದು ಜೀವ ಹಿಡಿದರು. ಹೊಟ್ಟೆ ತುಂಬಿದವರು ಅದಕ್ಕೆ ತೀರ್ಪು ಹೇಳುವುದು ಬೇಡ.

ಮೂರನೆಯ ತಂಡ ಬಂತು. ಬಾವಿಗೆ ಇಣುಕಿತು. 11 ಮಂದಿ, ಬಹುಪಾಲು ಮಕ್ಕಳು, ನಡೆಯಲಾರದವರು. ಎಲ್ಲರನ್ನೂ ಹೊರುವುದು ಸಾಧ್ಯವೇ? ಕೆಲವರನ್ನಷ್ಟೇ ಒಯ್ಯೋಣ ಎಂಬ ಮಾತು ಎದ್ದಿತು. ದೈತ್ಯದೇಹಿ ಜಾನ್ ಸ್ಟಾರ್ಕ್ ಒಪ್ಪಲಿಲ್ಲ. ಒಬ್ಬರನ್ನೂ ಬಿಡುವುದಿಲ್ಲ ಎಂದ. ಇಬ್ಬರು ಮಕ್ಕಳನ್ನು ಹೊತ್ತು ಒಂದಷ್ಟು ದೂರ ನಡೆದ, ಇಳಿಸಿದ, ಹಿಂದಿರುಗಿದ, ಮತ್ತಿಬ್ಬರನ್ನು ಹೊತ್ತ. ಹೀಗೇ ಇಡೀ ಘಟ್ಟ ಇಳಿಸಿದ. ಹನ್ನೊಂದು ಜೀವ, ಹನ್ನೊಂದೂ ಘಟ್ಟ ಇಳಿದವು!

ಇಡೀ ಡಾನರ್ ತಂಡದ 87 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ಬ್ರೀನ್ ಕುಟುಂಬದ ಒಂಬತ್ತರಲ್ಲಿ ಒಂದು ತಲೆಯೂ ಉರುಳಲಿಲ್ಲ.

ಕೈಯಲ್ಲಿ ಕಾಸಿರಲಿಲ್ಲ. 1848ರಲ್ಲಿ ಸ್ಯಾನ್ ಹುವಾನ್ ಬೌಟಿಸ್ಟಾ ಎಂಬ ಮಿಷನ್ ಊರಿಗೆ ಬಂದರು. ಮೆಕ್ಸಿಕನ್ ಜನರಲ್ ಹೋಸೆ ಕಾಸ್ಟ್ರೊ ತನ್ನ ಹಸಿಇಟ್ಟಿಗೆಯ ಮನೆಯನ್ನೇ ಬಿಟ್ಟುಕೊಟ್ಟ. ಅಷ್ಟರಲ್ಲಿ ಚಿನ್ನದ ಸುದ್ದಿ ಸಿಡಿಯಿತು. 16ರ ಜಾನ್ ಗಣಿಗೆ ಓಡಿದ, ಸುಮಾರು 12,000 ಡಾಲರ್ ಬೆಲೆಯ ಚಿನ್ನ ಹೊತ್ತು ಬಂದ. ಆ ಮನೆ ಕೊಂಡರು, 400 ಎಕರೆ ನೆಲ ಕೊಂಡರು. ಬ್ರೀನ್ ಮತ್ತೆ ನೇಗಿಲು ಹೂಡಿದ. ಸುಮಾರು ಇಪ್ಪತ್ತು ವರ್ಷ ಬೆಳೆ ತೆಗೆದ.

1846ರ ಡಿಸೆಂಬರ್ 21ರಂದು, ಡಾನರ್ ಬಿಡಾರದಲ್ಲಿ ನಾಲ್ವರು ಸತ್ತ ಸುದ್ದಿಯನ್ನು ಬ್ರೀನ್ ಬರೆದಿಟ್ಟಿದ್ದ. ಸರಿಯಾಗಿ 22 ವರ್ಷಗಳ ನಂತರ, 1868ರ ಡಿಸೆಂಬರ್ 21ರಂದು, ಆತನ ಸರದಿ ಬಂತು. ಎಪ್ಪತ್ತು ದಾಟಿದ್ದ. ಹಿಮಕ್ಕೆ ದಕ್ಕದವನು ತಾನು ಉತ್ತ ಊರಿನಲ್ಲೇ ಕಣ್ಣು ಮುಚ್ಚಿದ.

ಘಟ್ಟ ದಾಟಿದವರ ಸಾಹಸವನ್ನು ಲೋಕ ಕೊಂಡಾಡುತ್ತದೆ, ಕೊಂಡಾಡಲಿ. ಬ್ರೀನ್‌ನದು ಬೇರೆಯದೇ ಕೆಚ್ಚು. ಸಮಯಕ್ಕೆ ದನ ಕಡಿದ, ತೊಗಲು ಕಾದಿಟ್ಟ, ನೋವಿನಲ್ಲೂ ಲೆಕ್ಕ ಬರೆದ, ಬೆಂಕಿ ಬಿಟ್ಟು ಕದಲಲಿಲ್ಲ. ಆತ ಒರಗಿದಾಗ ಮಾರ್ಗರೇಟ್ ಎದ್ದು ನಿಂತಳು. ಬರಗಾಲ ಕಂಡ ರೈತ ಮನೆತನ ಬಿತ್ತನೆಬೀಜ ಕಾಯುವಂತೆ ಇಬ್ಬರೂ ಏಳು ಮಕ್ಕಳನ್ನು ಕಾದರು. ಆತನ ದಿನಚರಿ ಇಂದಿಗೂ ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿದೆ. ಹಿಮದ ಬಾವಿಯಲ್ಲಿ ತಾಯಿಯ ಮಡಿಲಲ್ಲಿದ್ದ ಇಸಬೆಲ್ಲಾ 1935ರವರೆಗೆ ಬಾಳಿದಳು, ಇಡೀ ಡಾನರ್ ತಂಡದಲ್ಲಿ ಎಲ್ಲರಿಗಿಂತ ಕೊನೆಗೆ ತೀರಿಕೊಂಡಳು.